ನಿಯೋಗ, ಆಯೋಗ, ರಾಯಭಾರ: ಇತರರ ಪರವಾಗಿ ಹೋಗುವವರಿಗೆ ಇರುವ ಹೆಸರುಗಳು

"ಮೀನುಗಾರರ ನಿಯೋಗದಿಂದ ಸಚಿವರ ಭೇಟಿ", "ನೆರೆಪೀಡಿತ ಪ್ರದೇಶಕ್ಕೆ ಕೇಂದ್ರದ ಅಧ್ಯಯನ ತಂಡ", "ಆಯೋಗದ ಮುಂದೆ ಅಹವಾಲು" ಎಂಬಂತಹ ತಲೆಬರಹಗಳನ್ನು ನಾವು ದಿನಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಇವೆಲ್ಲವೂ ಒಂದೇ ಬಗೆಯ ಗುಂಪುಗಳೆಂದು ಮೇಲ್ನೋಟಕ್ಕೆ ಅನಿಸುವುದು ಸಹಜ. ನಾಲ್ಕಾರು ಮಂದಿ ಒಟ್ಟಾಗಿ ಹೋಗುತ್ತಾರೆ, ಮಾತನಾಡುತ್ತಾರೆ, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆದರೆ ಈ ಪದಗಳು ಒಂದೇ ಅರ್ಥದವುಗಳಲ್ಲ. ಕಳುಹಿಸಿದವರು ಯಾರು, ಹೋಗುವುದು ಯಾರ ಬಳಿಗೆ, ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಒಂದೊಂದು ಪದವೂ ಬೇರೆ ಬೇರೆ ಉತ್ತರ ಕೊಡುತ್ತದೆ.

ಇದು ಕೇವಲ ಪದಕೋಶಕ್ಕೆ ಸಂಬಂಧಿಸಿದ ವಿಚಾರವಲ್ಲ. ಮನವಿ ಕೊಡಲೆಂದು ಹೋದವರು ರಾಜಿಗೆ ಸಹಿ ಹಾಕಿ ಬಂದರೆ ನಷ್ಟವಾಗುವುದು ಊರಿಗೆ. ಆದುದರಿಂದ ಈ ಪದಗಳ ಹಿನ್ನೆಲೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಮೇಲಕ್ಕೆ ಹೋಗುವುದು: ನಿಯೋಗ

ನಿಯೋಗ ಸಂಸ್ಕೃತ ಮೂಲದ ಪದ. 'ಯುಜ್' ಧಾತುವಿಗೆ 'ನಿ' ಸೇರಿ ಬಂದ ಈ ಪದಕ್ಕೆ ಕೆಲಸಕ್ಕೆ ನೇಮಿಸುವುದು, ಅಪ್ಪಣೆ ಕೊಡುವುದು ಎಂಬ ಅರ್ಥಗಳಿವೆ. ಹಿಂದೆ ನಿಯೋಗಿ ಎಂದರೆ ಅರಸನ ಅಧಿಕಾರಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ಸಿಗುವ 'ಬಾಹತ್ತರ ನಿಯೋಗಾಧಿಪತಿ' ಎಂಬ ಬಿರುದಿಗೆ 72 ಅಧಿಕಾರ ಸ್ಥಾನಗಳ ಮುಖ್ಯಸ್ಥ ಎಂದರ್ಥ. ಮಹಾಭಾರತದ ಕಥೆಯಲ್ಲಿ ಇದೇ ಪದ, ಸಂತಾನಕ್ಕಾಗಿ ಕುಲದ ಹಿರಿಯರು ಬೇರೊಬ್ಬರನ್ನು ನೇಮಿಸುವ ಪದ್ಧತಿಯ ಹೆಸರಾಗಿ ಬರುತ್ತದೆ. ಅರ್ಥ ಯಾವುದೇ ಇರಲಿ, ನೇಮಿಸಿದವರು ಒಬ್ಬರಿದ್ದಾರೆ ಎಂಬ ಅಂಶ ಎಲ್ಲ ಬಳಕೆಗಳಲ್ಲೂ ಸಮಾನ. ಯಾರೂ ನೇಮಿಸದೆ ತಾವಾಗಿಯೇ ಹೊರಟವರನ್ನು ಗುಂಪು ಎನ್ನಬಹುದೇ ಹೊರತು ನಿಯೋಗ ಎನ್ನುವುದು ಸರಿಯಲ್ಲ.

ಇಂದಿನ ಪತ್ರಿಕಾ ಭಾಷೆಯಲ್ಲಿ ನಿಯೋಗವು ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಊರಿನವರು ಜಿಲ್ಲಾಧಿಕಾರಿಗಳ ಬಳಿಗೆ, ಸಂಘದವರು ಸಚಿವರ ಬಳಿಗೆ, ರಾಜ್ಯದವರು ಪ್ರಧಾನಿಯವರ ಬಳಿಗೆ ಹೋಗುತ್ತಾರೆ. ಅವರ ಕೈಯಲ್ಲಿ ಒಂದು ಮನವಿ ಪತ್ರ ಇರುತ್ತದೆ. ಹಿಂದಿ ಮತ್ತು ಮರಾಠಿಗಳಲ್ಲಿ ಇದಕ್ಕೆ ಶಿಷ್ಟಮಂಡಲ ಎಂಬ ಹೆಸರೂ ಇದೆ. ಆ ಪದ ಹೋಗುವವರ ಸಜ್ಜನಿಕೆಯನ್ನು ಹೇಳಿದರೆ, ಕನ್ನಡದ ನಿಯೋಗ ಅವರ ನೇಮಕವನ್ನು ಹೇಳುತ್ತದೆ. ಡೆಪ್ಯುಟೇಶನ್ ಎಂಬ ಇಂಗ್ಲಿಷ್ ಪದಕ್ಕೆ ಎರಡು ಅರ್ಥಗಳಿವೆ. ಮನವಿ ಹೊತ್ತ ಗುಂಪೂ ಡೆಪ್ಯುಟೇಶನ್ನೇ, ಸರಕಾರಿ ನೌಕರ ಬೇರೆ ಇಲಾಖೆಗೆ ಹೋಗುವುದೂ ಡೆಪ್ಯುಟೇಶನ್ನೇ. ಕನ್ನಡದಲ್ಲಿ ಎರಡನೆಯದನ್ನು ನಿಯೋಜನೆ ಅಥವಾ ಎರವಲು ಸೇವೆ ಎಂದು ಬೇರ್ಪಡಿಸಲಾಗಿದೆ.

ನಿಯೋಗವನ್ನು ಆರಿಸಬೇಕಾದವರು ಯಾರು ಎಂಬ ಪ್ರಶ್ನೆ 2025ರಲ್ಲಿ ದೇಶದ ಮಟ್ಟದಲ್ಲೇ ಎದ್ದಿತ್ತು. ಪಹಲ್ಗಾಮ್ ದಾಳಿ ಮತ್ತು ಆಪರೇಷನ್ ಸಿಂಧೂರದ ಬಳಿಕ ಭಾರತದ ನಿಲುವನ್ನು ತಿಳಿಸಲು ಕೇಂದ್ರ ಸರಕಾರ ಮೇ ತಿಂಗಳಲ್ಲಿ 7 ಸರ್ವಪಕ್ಷ ನಿಯೋಗಗಳನ್ನು ವಿದೇಶಗಳಿಗೆ ಕಳುಹಿಸಿತು. ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರು ಕನಿಮೋಳಿ ನೇತೃತ್ವದ ನಿಯೋಗದಲ್ಲಿದ್ದರು. ಕಾಂಗ್ರೆಸ್ ಪಕ್ಷ 4 ಹೆಸರುಗಳನ್ನು ಕೊಟ್ಟಿದ್ದರೂ ಅವುಗಳಲ್ಲಿ ಸೇರ್ಪಡೆಯಾದದ್ದು ಒಂದೇ. ಪಟ್ಟಿಯಲ್ಲಿ ಇಲ್ಲದ ಶಶಿ ತರೂರ್ ಅವರಿಗೆ ಒಂದು ನಿಯೋಗದ ನೇತೃತ್ವ ದೊರೆಯಿತು. ಸದಸ್ಯರು ಪಕ್ಷದ ಪ್ರತಿನಿಧಿಗಳೆಂದಾದರೆ ಪಕ್ಷವೇ ಹೆಸರಿಸಬೇಕು. ದೇಶದ ಪ್ರತಿನಿಧಿಗಳೆಂದಾದರೆ ಸರಕಾರ ಆರಿಸಬಹುದು. 'ಸರ್ವಪಕ್ಷ ನಿಯೋಗ' ಎಂಬ ಹೆಸರಿನಲ್ಲಿ ಎರಡೂ ಅರ್ಥ ಸೇರಿಕೊಂಡಿರುವುದರಿಂದ ವಿವಾದಕ್ಕೆ ಎಡೆಯಾಯಿತು.

ಕೆಳಕ್ಕೆ ಬರುವುದು: ಆಯೋಗ, ಸಮಿತಿ, ಅಧ್ಯಯನ ತಂಡ

ಆಯೋಗದ ಧಾತುವೂ 'ಯುಜ್' ಆಗಿದೆ. ಆದರೆ ದಿಕ್ಕು ಬೇರೆ. ಆಯೋಗವನ್ನು ಸರಕಾರ ನೇಮಿಸುತ್ತದೆ. ಅದು ಜನರ ಬಳಿಗೆ ಬಂದು ಕೇಳಿ, ನೋಡಿ ವರದಿ ಕೊಡುತ್ತದೆ. ಅದು ಜನರನ್ನು ಪ್ರತಿನಿಧಿಸುವುದಿಲ್ಲ. 1928ರಲ್ಲಿ ಭಾರತಕ್ಕೆ ಬಂದ ಸೈಮನ್ ಆಯೋಗದ 7 ಸದಸ್ಯರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಭಾರತದ ಭವಿಷ್ಯದ ಬಗ್ಗೆ ವರದಿ ಬರೆಯುವವರಲ್ಲಿ ಭಾರತೀಯರೇ ಇಲ್ಲವೆಂಬುದು ಬಹಿಷ್ಕಾರಕ್ಕೆ ಕಾರಣವಾಯಿತು.

ಕರಾವಳಿಗೆ ಹತ್ತಿರದ ಉದಾಹರಣೆ ಮಹಾಜನ ಆಯೋಗ. ಗಡಿ ವಿವಾದದ ಪರಿಶೀಲನೆಗಾಗಿ 1966ರಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರಲ್ಲಿ ಸಲ್ಲಿಕೆಯಾದ ವರದಿಯಲ್ಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸು ಇತ್ತು. ಅದು ಜಾರಿಯಾಗಲಿಲ್ಲ. ಆಯೋಗ ಶಿಫಾರಸು ಮಾಡಬಲ್ಲದು, ಜಾರಿ ಮಾಡಲಾರದು. ಆಯೋಗದ ಮುಂದೆ ಅಹವಾಲು ಹೇಳಿಕೊಂಡ ಮಾತ್ರಕ್ಕೆ ಕೆಲಸ ಆಯಿತೆಂದು ತಿಳಿಯಬಾರದು.

ಸಮಿತಿ ಇದಕ್ಕಿಂತ ಸಡಿಲವಾದ ಪದ. ಸರಕಾರವೂ ಸಮಿತಿ ನೇಮಿಸುತ್ತದೆ, ಊರವರೂ 'ಹೋರಾಟ ಸಮಿತಿ' ರಚಿಸುತ್ತಾರೆ. ಸಮಿತಿ ಎಂಬ ಹೆಸರಿನಿಂದಲೇ ಅದು ಯಾರ ಪರ ಎಂದು ತಿಳಿಯುವುದಿಲ್ಲ. ರಚಿಸಿದವರು ಯಾರೆಂದು ನೋಡಬೇಕು. ಅಧ್ಯಯನ ತಂಡಕ್ಕೆ ನೋಡಿ ವರದಿ ಮಾಡುವ ಕೆಲಸವಷ್ಟೇ ಇದೆ. ಇನ್ನು ಮಹಜರಿಗೆ ಸಹಿ ಹಾಕುವ ಪಂಚರು ಯಾರ ಪ್ರತಿನಿಧಿಗಳೂ ಅಲ್ಲ. ತಾವು ಕಂಡದ್ದಕ್ಕೆ ಅವರು ಸಾಕ್ಷಿಗಳು ಮಾತ್ರ.

ಅಡ್ಡಕ್ಕೆ ಹೋಗುವುದು: ರಾಯಭಾರ, ಸಂಧಾನ

ಸಮಾನರಾದ ಇಬ್ಬರ ನಡುವೆ ಹೋಗಿ ಬರುವುದಕ್ಕೆ ರಾಯಭಾರ, ದೌತ್ಯ, ಸಂಧಾನ ಎಂಬ ಪದಗಳಿವೆ. ಪದವನ್ನು ಬಿಡಿಸಿ ನೋಡಿದರೆ ರಾಯ ಎಂದರೆ ಅರಸು, ಭಾರ ಎಂದರೆ ಹೊರೆ. ನಮ್ಮ ಕೊಂಕಣಿ ಮನೆಗಳಲ್ಲಿ ಗಂಡು ಹೆಣ್ಣಿನ ಸಂಬಂಧ ಕೂಡಿಸುವವರನ್ನು 'ರಾಯ್ಬಾರಿ' ಎಂದೇ ಕರೆಯುತ್ತಾರೆ. ಅರಮನೆಯ ಪದ ಮನೆಯಂಗಳಕ್ಕೆ ಬಂದರೂ ಅದರ ನಿಯಮ ಬದಲಾಗಿಲ್ಲ. ರಾಯ್ಬಾರಿ ಎರಡು ಮನೆಗಳ ಮಾತನ್ನು ಒಯ್ಯುತ್ತಾನೆ. ಒಪ್ಪಿಗೆ ಕೊಡುವವರು ಮನೆಯವರೇ.

ಹೋಗುವವನ ಅಧಿಕಾರದ ಅಳತೆಯನ್ನು ಕೌಟಿಲ್ಯನ ಅರ್ಥಶಾಸ್ತ್ರ ಬಹಳ ಹಿಂದೆಯೇ ವಿಂಗಡಿಸಿದೆ. ಅಲ್ಲಿ ದೂತರು ಮೂರು ಬಗೆ. ಪೂರ್ಣ ಅಧಿಕಾರ ಪಡೆದವನು ನಿಸೃಷ್ಟಾರ್ಥ. ಗೊತ್ತುಪಡಿಸಿದ ವಿಷಯಕ್ಕೆ ಮಾತ್ರ ಅಧಿಕಾರವಿರುವವನು ಪರಿಮಿತಾರ್ಥ. ಕೊಟ್ಟ ಪತ್ರವನ್ನು ತಲುಪಿಸುವವನು ಶಾಸನಹರ. ತಾಳಮದ್ದಳೆ ನೋಡಿದವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಧೃತರಾಷ್ಟ್ರನ ಮಾತನ್ನು ಪಾಂಡವರಿಗೆ ತಲುಪಿಸುವ ಸಂಜಯನು ಹೆಚ್ಚುಕಡಿಮೆ ಶಾಸನಹರ. 'ಅಂಗದ ಸಂಧಾನ'ದ ಅಂಗದ, ರಾಮನ ಷರತ್ತಿನ ಒಳಗೇ ಮಾತನಾಡಬೇಕಾದವನು. 'ಕೃಷ್ಣ ಸಂಧಾನ'ದ ಕೃಷ್ಣನಾದರೋ ಅರ್ಧ ರಾಜ್ಯದಿಂದ ಐದು ಗ್ರಾಮಗಳವರೆಗೆ ಬೇಡಿಕೆಯನ್ನು ಇಳಿಸಿ ಮಾತನಾಡಬಲ್ಲವನು. ಗಲ್ಫಿನಲ್ಲಿರುವ ಮಗ ಊರಿನ ತಂದೆಗೆ ಬರೆದುಕೊಡುವ ಪವರ್ ಆಫ್ ಅಟಾರ್ನಿಯಲ್ಲೂ ಇದೇ ಭೇದವಿದೆ. 'ಜನರಲ್ ಪವರ್' ವಿಶಾಲ. 'ಸ್ಪೆಷಲ್ ಪವರ್' ಹೆಸರಿಸಿದ ಕೆಲಸಕ್ಕೆ ಮಾತ್ರ.

ಚರಿತ್ರೆಯಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ರಾಯಭಾರಗಳು ಹಲವು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಫ್ರಾನ್ಸಿಸ್ಕನ್ ಸಭೆಯ ಲೂಯಿಸ್ ಎಂಬ ಸನ್ಯಾಸಿಯನ್ನು ವಿಜಯನಗರದ ಅರಸರ ಬಳಿಗೆ ಕಳುಹಿಸಿದ್ದ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿನ 16ನೇ ಲೂಯಿಯನ್ನು ವರ್ಸೈಲ್ಸ್ ಅರಮನೆಯಲ್ಲಿ ಕಂಡರು. ಸ್ವಾಗತವೇನೋ ವೈಭವದಿಂದ ನಡೆಯಿತು, ಆದರೆ ಬೇಡಿದ್ದ ಸೈನಿಕ ಮೈತ್ರಿ ಸಿಗಲಿಲ್ಲ.

ಬದಲಿಗೆ ನಿಲ್ಲುವುದು: ಪ್ರತಿನಿಧಿ

ಪ್ರತಿನಿಧಿ ಎಂದರೆ ಒಂದರ ಬದಲಿಗೆ ಇಟ್ಟದ್ದು. ಯಜ್ಞದಲ್ಲಿ ಭತ್ತ ಸಿಗದಿದ್ದಾಗ ಬಳಸುವ ನೀವಾರ ಎಂಬ ಕಾಡುಭತ್ತವನ್ನು ಮೀಮಾಂಸಾ ಶಾಸ್ತ್ರ 'ಪ್ರತಿನಿಧಿ' ಎನ್ನುತ್ತದೆ. ಈ ಪದವೇ ಮುಂದೆ ಜನರ ಬದಲಿಗೆ ಸಭೆಯಲ್ಲಿ ಕುಳಿತುಕೊಳ್ಳುವವರಿಗೆ ಬಂತು. 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 144 ಸದಸ್ಯರಿದ್ದ ಆ ಸಭೆಗೆ ಮೊದಲಲ್ಲಿ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರಕಾರದ ವರದಿಯನ್ನು ಕೇಳಿ, ಜನರ ಕುಂದುಕೊರತೆಗಳನ್ನು ತಿಳಿಸುವುದಷ್ಟೇ ಅದರ ಕೆಲಸ. ಶಾಸನ ರಚನೆಗಾಗಿ ಬೇರೊಂದು ಸಭೆ ಬಂದದ್ದು 1907ರಲ್ಲಿ. ಹೆಸರಿನಲ್ಲಿ ಪ್ರತಿನಿಧಿ ಎಂದಿದ್ದರೂ ಕೆಲಸದಲ್ಲಿ ಅದು ನಿಯೋಗಕ್ಕೆ ಹತ್ತಿರವಾಗಿತ್ತು ಎನ್ನಬಹುದು.

ಪ್ರತಿನಿಧಿಯು ಕಳುಹಿಸಿದವರ ಮಾತನ್ನೇ ಆಡಬೇಕೇ, ತನ್ನ ವಿವೇಕವನ್ನು ಬಳಸಬಹುದೇ? ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ, ತಾನು ತನ್ನ ವಿವೇಕದಂತೆಯೇ ನಡೆಯುವುದಾಗಿ ಹೇಳಿದ್ದರು. 1780ರ ಹೊತ್ತಿಗೆ ಆ ಮತದಾರರ ಬೆಂಬಲ ಅವರಿಗೆ ಉಳಿದಿರಲಿಲ್ಲ. ಜರ್ಮನಿಯಲ್ಲಿ ಎರಡೂ ಪದ್ಧತಿಗಳು ಒಟ್ಟಿಗೇ ಇವೆ. ಕೆಳಮನೆಯ ಸದಸ್ಯರು ಯಾರ ಆದೇಶಕ್ಕೂ ಬದ್ಧರಲ್ಲ. ರಾಜ್ಯ ಸರಕಾರಗಳು ಕಳುಹಿಸುವ ಮೇಲ್ಮನೆಯ ಸದಸ್ಯರು ತಮ್ಮ ರಾಜ್ಯದ ಮತಗಳನ್ನು ಒಟ್ಟಾಗಿ ಒಂದೇ ಕಡೆಗೆ ಹಾಕಬೇಕು.

ಧರ್ಮಸಭೆಯಲ್ಲಿ ಬಳಸುವ ಪದಗಳು

ಧರ್ಮಸಭೆಯ ಪದಗಳಲ್ಲೂ 'ಕಳುಹಿಸುವುದು' ಎಂಬ ಅರ್ಥ ಮುಖ್ಯವಾಗಿದೆ. ಗ್ರೀಕ್ ಭಾಷೆಯ 'ಅಪೊಸ್ತೊಲೊಸ್' ಎಂದರೆ ಕಳುಹಿಸಲ್ಪಟ್ಟವನು. ಕನ್ನಡದ ಪ್ರೊಟೆಸ್ಟಂಟ್ ಬೈಬಲಿನಲ್ಲಿ ಅದು 'ಅಪೊಸ್ತಲ' ಎಂದೇ ಉಳಿದರೆ, ಕಥೊಲಿಕರ ಬಳಕೆಯಲ್ಲಿ 'ಪ್ರೇಷಿತ' ಎಂದಾಯಿತು. ಎರಡೂ ಪದಗಳ ಅರ್ಥ ಒಂದೇ.

ನಿಯೋಗಗಳ ಬಗ್ಗೆ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯದಲ್ಲಿ ಒಳ್ಳೆಯ ಪಾಠವಿದೆ. ಯೂದಾಯದಿಂದ ಬಂದ ಕೆಲವರು ಅಂತಿಯೋಕ್ಯದಲ್ಲಿ ಸುನ್ನತಿಯ ವಿಷಯವಾಗಿ ಗೊಂದಲ ಎಬ್ಬಿಸುತ್ತಾರೆ. ಅಲ್ಲಿಯ ವಿಶ್ವಾಸಿಗಳು ಪೌಲ, ಬಾರ್ನಬ ಮತ್ತು ಇನ್ನು ಕೆಲವರನ್ನು ಜೆರುಸಲೇಮಿಗೆ ಕಳುಹಿಸುತ್ತಾರೆ. ತೀರ್ಮಾನವಾದ ಮೇಲೆ ಜೆರುಸಲೇಮಿನವರು ತಮ್ಮ ಕಡೆಯಿಂದ ಬಾರ್ಸಬ್ಬನೆಂಬ ಯೂದನನ್ನೂ ಸೀಲನನ್ನೂ ಆರಿಸಿ, ಪತ್ರದೊಂದಿಗೆ ಕಳುಹಿಸುತ್ತಾರೆ. ಮೊದಲು ಬಂದು ಗೊಂದಲ ಎಬ್ಬಿಸಿದವರು ನಮ್ಮವರೇ ಆಗಿದ್ದರೂ ನಾವು ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ ಎಂದು ಪತ್ರದಲ್ಲಿ ತಿಳಿಸಲಾಗಿತ್ತು. ಆ ಪತ್ರವನ್ನು ಸಭೆ ಸೇರಿಸಿ ಒಪ್ಪಿಸಲಾಯಿತು. ಯೂದ ಮತ್ತು ಸೀಲರು ಬಾಯಿಮಾತಿನಲ್ಲೂ ವಿವರಿಸಿದರು. ನೇಮಕ, ಲಿಖಿತ ಪತ್ರ, ಎಲ್ಲರ ಎದುರು ವರದಿ: ಒಂದು ಸರಿಯಾದ ನಿಯೋಗಕ್ಕೆ ಬೇಕಾದ ಮೂರೂ ಅಂಶಗಳು ಇಲ್ಲಿವೆ.

ಪೋಪರ ಪ್ರತಿನಿಧಿಗಳಲ್ಲೂ ದರ್ಜೆಗಳಿವೆ. ಲೆಗೇಟ್ ಎಂಬುದು ಸಾಮಾನ್ಯ ಹೆಸರು. ಅಪೊಸ್ತೊಲಿಕ್ ಡೆಲಿಗೇಟ್ ಎಂದರೆ ಸ್ಥಳೀಯ ಧರ್ಮಸಭೆಗೆ ಮಾತ್ರ ಪ್ರತಿನಿಧಿ. ನುನ್ಸಿಯೊ ಎಂದರೆ ಧರ್ಮಸಭೆಗೂ ಸರಕಾರಕ್ಕೂ ಪ್ರತಿನಿಧಿ. ಲ್ಯಾಟಿನಿನ 'ನುನ್ಸಿಯುಸ್' ಪದಕ್ಕೆ ಸಂದೇಶವಾಹಕ ಎಂದರ್ಥ. ಭಾರತ ಮತ್ತು ವ್ಯಾಟಿಕನ್ ನಡುವೆ 1948ರಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಾಗ ಇಲ್ಲಿದ್ದದ್ದು ಇಂಟರ್‌ನುನ್ಸಿಯೊ. 1967ರಿಂದ ಪೂರ್ಣ ದರ್ಜೆಯ ನುನ್ಸಿಯೊ ಇದ್ದಾರೆ. ವಿಶ್ವಸಂಸ್ಥೆಯಲ್ಲಿ ವ್ಯಾಟಿಕನ್ 1964ರಿಂದ ಕಾಯಂ ವೀಕ್ಷಕ ಸ್ಥಾನ ಹೊಂದಿದೆ. ವೀಕ್ಷಕರು ಮಾತನಾಡಬಹುದು, ಮತ ಹಾಕುವಂತಿಲ್ಲ.

ಜನರು ಹೋಗದೆ ಪತ್ರವೇ ಹೋಗಿ ಕೆಲಸವಾದದ್ದೂ ಉಂಟು. ಜೆಸ್ವಿಟ್ ಗುರುಗಳನ್ನು ಕಳುಹಿಸಿಕೊಡಬೇಕೆಂದು ಮಂಗಳೂರಿನ ಕಥೊಲಿಕರು ರೋಮಿಗೆ ಮನವಿ ಬರೆದರು. 13ನೇ ಲಿಯೊ ಪೋಪರು 1878ರ ಸಪ್ಟೆಂಬರಿನಲ್ಲಿ ಮಂಗಳೂರು ಮಿಷನನ್ನು ಜೆಸ್ವಿಟರಿಗೆ ಒಪ್ಪಿಸಿದರು. ಅದೇ ವರ್ಷದ ದಶಂಬರ 31ರಂದು ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು.

ನಮ್ಮ ಚರ್ಚುಗಳ ವಾಳೆಯ ಗುರ್ಕಾರರೂ ಪಾಲನಾ ಮಂಡಳಿಯ ಸದಸ್ಯರೂ ತಮ್ಮವರ ಮಾತನ್ನು ಮುಂದಿಡುವವರೇ. ಮೊಗವೀರ ಸಮಾಜದ ಗುರಿಕಾರ, ಊರ 'ಹತ್ತು ಸಮಸ್ತರು' ಎಂಬ ಪದಗಳೂ ಇದೇ ಸಾಲಿಗೆ ಸೇರುತ್ತವೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ನಿಯಮದಂತೆ ಪಾಲನಾ ಮಂಡಳಿಗಿರುವುದು ಸಲಹೆ ನೀಡುವ ಮತ ಮಾತ್ರ. ಇದು ತಿಳಿದಿದ್ದರೆ ಮಂಡಳಿಯ ಮೇಲೆ ಇಲ್ಲದ ಅಧಿಕಾರದ ಆರೋಪ ಹೊರಿಸುವುದೂ, ಇಲ್ಲದ ಅಧಿಕಾರವನ್ನು ಚಲಾಯಿಸುವುದೂ ಎರಡೂ ತಪ್ಪುತ್ತವೆ.

ಅಧಿಕಾರ ಮುಗಿಯುವುದು ಎಲ್ಲಿ?

1784ರ ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದವನ್ನು ನೋಡೋಣ. ಟಿಪ್ಪುವಿನೊಂದಿಗೆ ಮಾತುಕತೆಗಾಗಿ ಮದ್ರಾಸ್ ಸರಕಾರ ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್ ಎಂಬ ಮೂವರು ಕಮಿಷನರುಗಳನ್ನು ಕಳುಹಿಸಿತ್ತು. ಒಪ್ಪಂದವೇನೋ ಆಯಿತು. ಆದರೆ ಕಲ್ಕತ್ತಾದಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಅದನ್ನು ಮೆಚ್ಚಲಿಲ್ಲ. ಕಮಿಷನರುಗಳನ್ನು ಕಳುಹಿಸಿದ ಮದ್ರಾಸ್ ಸರಕಾರದ ಮೇಲೆಯೇ ಇನ್ನೊಂದು ಸರಕಾರ ಇತ್ತು. ಕಳುಹಿಸಿದವರಿಗೇ ಪೂರ್ಣ ಅಧಿಕಾರ ಇಲ್ಲದಿದ್ದಾಗ, ಹೋದವರು ಹಾಕಿದ ಸಹಿಯ ಬಗ್ಗೆ ತಕರಾರು ಬರುವುದು ಸಹಜ.

ಈಗಿನ ಕಾನೂನುಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ದೇಶ ದೇಶಗಳ ಒಪ್ಪಂದಗಳ ಕುರಿತ 1969ರ ವಿಯೆನ್ನಾ ಒಡಂಬಡಿಕೆಯಂತೆ, ಅಧಿಕಾರವಿಲ್ಲದವನು ಮಾಡಿದ ಕಾರ್ಯವನ್ನು ಆತನ ದೇಶ ಬಳಿಕ ದೃಢೀಕರಿಸದಿದ್ದರೆ ಅದಕ್ಕೆ ಬೆಲೆಯಿಲ್ಲ. ಭಾರತದ 1872ರ ಕರಾರು ಕಾಯಿದೆಯ 196ನೇ ಕಲಮಿನಂತೆ, ಒಬ್ಬನ ಪರವಾಗಿ ಆತನ ಅರಿವು ಅಥವಾ ಅಪ್ಪಣೆ ಇಲ್ಲದೆ ಬೇರೊಬ್ಬ ಮಾಡಿದ ಕೆಲಸವನ್ನು ಆತ ಒಪ್ಪಿಕೊಳ್ಳಬಹುದು, ನಿರಾಕರಿಸಲೂ ಬಹುದು. ಸಮಾನ ಹಿತವುಳ್ಳ ಅನೇಕರ ಪರವಾಗಿ ಒಬ್ಬರೋ ಇಬ್ಬರೋ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು, ಉಳಿದವರಿಗೆ ನೋಟೀಸು ಹೋಗಬೇಕು. ಅಂತಹ ದಾವೆಯಲ್ಲಿ ನ್ಯಾಯಾಲಯದ ಅಪ್ಪಣೆಯಿಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಎದುರಿಗೆ ಇಲ್ಲದವರ ಹಕ್ಕು ಕೈತಪ್ಪಬಾರದೆಂಬುದೇ ಇದರ ಉದ್ದೇಶ.

ನಿಯೋಗ ಹೊರಡುವ ಮುನ್ನ

ರಸ್ತೆ ಅಗಲೀಕರಣ, ಭೂಸ್ವಾಧೀನ, ಕುಡಿಯುವ ನೀರು, ಕಡಲ್ಕೊರೆತ ಮುಂತಾದ ವಿಷಯಗಳಲ್ಲಿ ಊರಿನಿಂದ ನಿಯೋಗ ಹೊರಡುವುದು ಸಾಮಾನ್ಯ. ಆಗ ಈ ಅಂಶಗಳನ್ನು ಗಮನಿಸಿದರೆ ಮುಂದಿನ ಮನಸ್ತಾಪಗಳನ್ನು ತಪ್ಪಿಸಬಹುದು.

1. ಹೋಗುವವರ ಹೆಸರುಗಳನ್ನು ಸಭೆಯಲ್ಲಿ ತೀರ್ಮಾನಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಬೇಕು. ಹೆಂಗಸರು, ಗೇಣಿದಾರರು, ಬಾಡಿಗೆಯವರು ಮುಂತಾಗಿ ತೊಂದರೆಗೆ ಒಳಗಾಗುವವರೇ ಅದರಲ್ಲಿ ಇರುವುದು ಒಳ್ಳೆಯದು.

2. ಕೇಳಬೇಕಾದದ್ದನ್ನು ಮನವಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಸಲ್ಲಿಸಿದಾಗ ನಕಲು ಪ್ರತಿಗೆ ಸ್ವೀಕೃತಿಯ ಮುದ್ರೆ ಪಡೆಯಬೇಕು.

3. ಒಪ್ಪಿಕೊಳ್ಳುವ ಅಧಿಕಾರ ಇದೆಯೇ ಇಲ್ಲವೇ ಎಂಬುದನ್ನು ಮೊದಲೇ ಹೇಳಿರಬೇಕು. ಇಲ್ಲವಾದರೆ "ಊರವರಲ್ಲಿ ಕೇಳಿ ತಿಳಿಸುತ್ತೇವೆ" ಎಂದು ಹೇಳಿ ಎದ್ದು ಬರುವುದರಲ್ಲಿ ನಾಚಿಕೆಯೇನೂ ಇಲ್ಲ.

4. ಓದದೆ, ಅರ್ಥವಾಗದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಹಾಜರಾತಿಗೆಂದು ಕೇಳುವ ಸಹಿಯ ಹಾಳೆಯಲ್ಲಿ ಏನು ಬರೆದಿದೆ ಎಂದು ನೋಡಬೇಕು.

5. ಹಿಂದಿರುಗಿದ ಬಳಿಕ ಸಭೆ ಕರೆದು ವರದಿ ಒಪ್ಪಿಸಬೇಕು. ಸಿಕ್ಕಿದ ಭರವಸೆಯನ್ನೂ ಸಿಗದ ಉತ್ತರವನ್ನೂ ಹೇಳಬೇಕು.

ಪದಗಳ ಸಾರಾಂಶ

ನಿಯೋಗ: ನೇಮಕಗೊಂಡು ಮನವಿ ಅಥವಾ ನಿಲುವು ತಿಳಿಸಲು ಹೋಗುವ ಗುಂಪು.
ಪ್ರತಿನಿಧಿ: ಇತರರ ಬದಲಿಗೆ ನಿಲ್ಲುವವರು.
ಆಯೋಗ: ವಿಚಾರಿಸಿ ವರದಿ ಕೊಡಲು ಸರಕಾರ ನೇಮಿಸಿದ ಮಂಡಳಿ.
ಸಮಿತಿ: ಗೊತ್ತಾದ ಕೆಲಸಕ್ಕೆ ರಚಿಸಿದ ಗುಂಪು, ಯಾರದೆಂದು ವಿಚಾರಿಸಬೇಕು.
ಅಧ್ಯಯನ ತಂಡ: ಸ್ಥಳಕ್ಕೆ ಬಂದು ನೋಡಿ ವರದಿ ಮಾಡುವವರು.
ರಾಯಭಾರಿ: ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಅಧಿಕೃತವಾಗಿ ಒಯ್ಯುವವರು.
ಸಂಧಾನಕಾರ: ಎರಡು ಕಡೆಯನ್ನು ಕೂಡಿಸಲು ಯತ್ನಿಸುವವರು.
ವೀಕ್ಷಕ: ಹಾಜರಿದ್ದು ನೋಡುವ, ಮತವಿಲ್ಲದವರು.
ಪಂಚರು: ಸಾಕ್ಷಿಗಳು ಮಾತ್ರ.

ಮುಂದಿನ ಬಾರಿ ಪತ್ರಿಕೆಯಲ್ಲಿ 'ನಿಯೋಗ' ಎಂಬ ಪದ ಕಂಡಾಗ, ಇವರನ್ನು ಕಳುಹಿಸಿದವರು ಯಾರು ಎಂದು ಕೇಳಿಕೊಳ್ಳಿ. ನಿಮ್ಮ ಊರಿನ ನಿಯೋಗವೇ ಆಗಿದ್ದರೆ ಆ ಪ್ರಶ್ನೆಯನ್ನು ಊರ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಉತ್ತರ ಕೊಡುವ ಹೊಣೆ ಹೋದವರದು.